ತಾಯಿಯ ಪಾಲು ಅರ್ಧ, ತಂದೆಯ ಪಾಲು ಅರ್ಧ



ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಕಡೆಯ ಕೆಂಪು ನೆಲದಲ್ಲಿ ಮೆಕ್ಕೆಜೋಳ ಕೊಯ್ದು ತೆನೆಯ ರಾಶಿ ಕಣಕ್ಕೆ ಬಂದಾಗ ಒಂದು ಮಾತು ವರ್ಷ ವರ್ಷವೂ ಕೇಳಿಬರುತ್ತದೆ. "ಸ್ವಾಮೀ, ಈ ಸಲ ತೆನೆ ನೋಡಿ, ಗೇಣುದ್ದ ಇದೆ, ತುದಿಯವರೆಗೂ ಕಾಳು ಕಟ್ಟಿದೆ. ಇದರಲ್ಲೇ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಇಟ್ಟುಕೊಂಡರೆ ಆಗದೇ? ಬರುವ ಮುಂಗಾರಿಗೆ ಮತ್ತೆ ಅಂಗಡಿಗೆ ಹೋಗಿ ಬೀಜದ ಚೀಲಕ್ಕೆ ದುಡ್ಡು ಸುರಿಯುವುದು ಯಾಕೆ? ರಾಗಿ ಬೀಜ ಅಜ್ಜನ ಕಾಲದಿಂದ ಮನೆಯದೇ ಅಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. "ಹೈಬ್ರಿಡ್ ಬೀಜ ಮನೆಯಲ್ಲಿ ಇಡಬೇಡಿ" ಎಂದು ಹೇಳಿ ಹೋಗುವವರು ಬಹಳ ಮಂದಿ. ಯಾಕೆ ಇಡಬಾರದು ಎಂದು ಕೂತು ಹೇಳುವವರು ಕಡಿಮೆ. ಕಾರಣ ತಿಳಿಯದ ಮಾತು ಕಿವಿಯವರೆಗೆ ಹೋಗುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ಇವತ್ತು ಕಾರಣವನ್ನೇ ನೋಡೋಣ. ಆ ಕಾರಣ ಇರುವುದು ಗೊಬ್ಬರದಲ್ಲಿಯೂ ಅಲ್ಲ, ಮಳೆಯಲ್ಲಿಯೂ ಅಲ್ಲ. ಗಿಡದ ಪರಾಗ ಮತ್ತು ಅಂಡ ಹುಟ್ಟುವ ಗಳಿಗೆಯಲ್ಲಿ ನಡೆಯುವ ಒಂದು ಪಾಲು ಹಂಚಿಕೆಯಲ್ಲಿ ಇದೆ. ಇದೇ ಹಂಚಿಕೆ ಕುರಿಯಲ್ಲೂ ನಡೆಯುತ್ತದೆ, ಹಸುವಿನಲ್ಲೂ ನಡೆಯುತ್ತದೆ, ನಮ್ಮ ನಿಮ್ಮ ಮೈಯಲ್ಲೂ ನಡೆಯುತ್ತದೆ. ಇದನ್ನು ತಿಳಿದರೆ ಬೀಜದ ಪ್ರಶ್ನೆಗೆ ಉತ್ತರ ಸಿಗುವುದರ ಜೊತೆಗೆ, ಮನೆಯಲ್ಲಿ ಹೆಣ್ಣುಮಗಳ ಮೇಲೆ ಹೊರಿಸುವ ಒಂದು ಸುಳ್ಳು ಅಪವಾದವೂ ಬಿಟ್ಟು ಹೋಗುತ್ತದೆ.

ಜೀವಕೋಶವೂ ವರ್ಣತಂತುವೂ

ಗೋಡೆ ಇಟ್ಟಿಗೆಯಿಂದ ಆದ ಹಾಗೆ ಗಿಡದ ಮೈ, ದನದ ಮೈ, ಮನುಷ್ಯನ ಮೈ ಎಲ್ಲವೂ ಜೀವಕೋಶಗಳಿಂದ ಆಗಿದೆ. ಅವು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಕೋಶದ ನಡುವೆ ಒಂದು ಬೀಜಕೇಂದ್ರ, ಅದರೊಳಗೆ ನೂಲಿನ ಎಳೆಯಂಥ ತಂತುಗಳು. ಇವುಗಳಿಗೆ ವರ್ಣತಂತು ಎಂದು ಹೆಸರು. ಗಿಡ ಎಷ್ಟು ಎತ್ತರ ಬೆಳೆಯಬೇಕು, ಕಾಳು ಹಳದಿಯೋ ಬಿಳಿಯೋ, ರೋಗ ತಡೆಯಬಲ್ಲುದೋ ಇಲ್ಲವೋ ಎಂಬ ಲೆಕ್ಕವೆಲ್ಲ ಈ ಎಳೆಗಳಲ್ಲಿ ಬರೆದಿರುತ್ತದೆ. ಮನೆಯ ದಾಖಲೆಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಇರುವ ಹಾಗೆ ಎಂದುಕೊಳ್ಳಿ.

ಈ ತಂತುಗಳು ಜೋಡಿ ಜೋಡಿಯಾಗಿ ಇರುತ್ತವೆ. ಜೋಡಿಯಲ್ಲಿ ಒಂದು ತಾಯಿಯ ಕಡೆಯಿಂದ ಬಂದದ್ದು, ಇನ್ನೊಂದು ತಂದೆಯ ಕಡೆಯಿಂದ ಬಂದದ್ದು. ಎಷ್ಟು ಜೋಡಿ ಎಂಬುದು ಜಾತಿಗೊಂದು ಲೆಕ್ಕ. ಈರುಳ್ಳಿಗೆ 16 ತಂತು, ಅಂದರೆ 8 ಜೋಡಿ. ಮೆಕ್ಕೆಜೋಳಕ್ಕೆ 20, ಅಂದರೆ 10 ಜೋಡಿ. ತೆಂಗಿಗೆ 32, ರಾಗಿಗೆ 36, ಕುರಿಗೆ 54, ದನಕ್ಕೆ 60, ಮನುಷ್ಯನಿಗೆ 46. ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ದೊಡ್ಡತನವೇನಿಲ್ಲ, ಬಿಡಿ. ಹಾಗಿದ್ದರೆ ದನ ನಮಗಿಂತ ಬುದ್ಧಿವಂತ ಆಗಬೇಕಿತ್ತು.

ಗಿಡ ಬೆಳೆಯುವಾಗ ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಒಡೆಯುವ ಮೊದಲು ಕೋಶ ತನ್ನ ಎಲ್ಲ ತಂತುಗಳಿಗೂ ಒಂದೊಂದು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಎರಡು ಮರಿಕೋಶಗಳಿಗೂ ಪೂರ್ತಿ ಲೆಕ್ಕ ಹಂಚುತ್ತದೆ. ನೀರಿಗೆ ಇಟ್ಟ ಈರುಳ್ಳಿ ಗಡ್ಡೆಯಿಂದ ಹೊರಟ ಬೇರಿನ ತುದಿಯಲ್ಲಿ ನಡೆಯುವುದು ಇದೇ. ಅಲ್ಲಿ 16 ಇದ್ದದ್ದು ಮುಂದೆಯೂ 16 ಆಗಿಯೇ ಉಳಿಯುತ್ತದೆ. ಇದು ಮೈ ಬೆಳೆಯುವ ವಿಭಜನೆ.

ಅರ್ಧವಾಗುವ ವಿಭಜನೆ

ಈಗ ಒಂದು ಲೆಕ್ಕ ಹಾಕಿ. ಮೆಕ್ಕೆಜೋಳದ ಪರಾಗದಲ್ಲಿಯೂ 20 ತಂತು, ಅಂಡದಲ್ಲಿಯೂ 20 ತಂತು ಇದ್ದು ಎರಡೂ ಸೇರಿದರೆ ಆ ಕಾಳಿನಲ್ಲಿ 40 ಆಗಬೇಕು. ಮುಂದಿನ ವರ್ಷ 80, ಅದರ ಮುಂದಿನ ವರ್ಷ 160. ಹಾಗೆ ಆಗುವುದಿಲ್ಲ. ಎಷ್ಟು ತಲೆಮಾರು ಕಳೆದರೂ ಮೆಕ್ಕೆಜೋಳಕ್ಕೆ 20 ತಂತುವೇ. ಅಂದಮೇಲೆ ಪರಾಗ ಮತ್ತು ಅಂಡ ಹುಟ್ಟುವಾಗ ಎಲ್ಲೋ ಲೆಕ್ಕ ಅರ್ಧವಾಗಲೇಬೇಕು.

ಇದನ್ನು ಕಣ್ಣಾರೆ ಕಂಡವರಲ್ಲಿ ಬೆಲ್ಜಿಯಂ ದೇಶದ ವಾನ್ ಬೆನೆಡನ್ ಮೊದಲಿಗರು. 1883ರಲ್ಲಿ ಅವರು ಕುದುರೆಯ ಕರುಳಿನ ದುಂಡು ಜಂತುಹುಳವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಆ ಹುಳದ ಫಲಿತ ಅಂಡದಲ್ಲಿ ತಂತುಗಳು ನಾಲ್ಕೇ ನಾಲ್ಕು. ಅಂಡಾಣು ಎರಡು ತಂದಿತ್ತು, ವೀರ್ಯಾಣು ಎರಡು ತಂದಿತ್ತು. ಎರಡೂ ಸೇರಿ ನಾಲ್ಕಾದವು. ಹೀಗೆ ಲೆಕ್ಕ ಅರ್ಧವಾಗುವ ವಿಭಜನೆಗೆ ವಿಜ್ಞಾನದಲ್ಲಿ ಮಿಯಾಸಿಸ್ ಎಂಬ ಹೆಸರಿದೆ. ನಾವು ಅರ್ಧವಿಭಜನೆ ಎಂದು ಕರೆಯೋಣ.

ಇದು ನಡೆಯುವ ಬಗೆ ಹೀಗೆ. ಮೆಕ್ಕೆಜೋಳದ ಸೂಲಂಗಿ ಇನ್ನೂ ಸುಳಿಯೊಳಗೆ ಎಲೆಯ ಮರೆಯಲ್ಲಿ ಇರುವಾಗಲೇ ಕೆಲಸ ಶುರುವಾಗುತ್ತದೆ. ಮೊದಲು ಪ್ರತಿ ತಂತುವೂ ತನ್ನದೊಂದು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ತಾಯಿ ಕಡೆಯ ಒಂದನೆಯ ತಂತು ತಂದೆ ಕಡೆಯ ಒಂದನೆಯ ತಂತುವನ್ನು ಹುಡುಕಿ ಪಕ್ಕಕ್ಕೆ ಬಂದು ನಿಲ್ಲುತ್ತದೆ, ನೊಗಕ್ಕೆ ಎತ್ತು ಬಂದು ನಿಂತ ಹಾಗೆ. ಎರಡನೆಯದು ಎರಡನೆಯದರ ಪಕ್ಕಕ್ಕೆ, ಹೀಗೆ ಹತ್ತೂ ಜೋಡಿ ಹೂಡುತ್ತವೆ. ಹಾಗೆ ನಿಂತಾಗ ಅವು ಅಲ್ಲಲ್ಲಿ ತುಂಡಾಗಿ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಒಂದು ಕರಿ ಹಗ್ಗ, ಒಂದು ಬಿಳಿ ಹಗ್ಗ ಅಕ್ಕಪಕ್ಕ ಹಿಡಿದು ಒಂದೇ ಕಡೆ ಕತ್ತರಿಸಿ, ತುದಿಗಳನ್ನು ಅದಲು ಬದಲು ಗಂಟು ಹಾಕಿದ ಹಾಗೆ. ಈ ಅದಲು ಬದಲಿಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು ಮೆಕ್ಕೆಜೋಳದಲ್ಲಿಯೇ. 1931ರಲ್ಲಿ ಅಮೆರಿಕದ ಇಬ್ಬರು ಹೆಣ್ಣುಮಕ್ಕಳು, ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್, ಅದನ್ನು ತೋರಿಸಿಕೊಟ್ಟರು.

ಆಮೇಲೆ ಕೋಶ ಎರಡು ಸಲ ಒಡೆಯುತ್ತದೆ. ಮೊದಲನೆಯ ಸಲ ಜೋಡಿ ಮುರಿಯುತ್ತದೆ: ಒಂದು ಈ ಕಡೆಗೆ, ಒಂದು ಆ ಕಡೆಗೆ. ಎರಡನೆಯ ಸಲ ನಕಲುಗಳು ಬೇರೆಯಾಗುತ್ತವೆ. ಕೊನೆಗೆ ಒಂದು ಕೋಶದಿಂದ ನಾಲ್ಕು ಕೋಶ, ಒಂದೊಂದರಲ್ಲಿಯೂ 20ರ ಬದಲು 10 ತಂತು. ಸೂಲಂಗಿಯಲ್ಲಿ ಆ ನಾಲ್ಕೂ ಪರಾಗದ ಕಣಗಳಾಗುತ್ತವೆ. ತೆನೆಯೊಳಗಿನ ಅಂಡದಲ್ಲಿ ಮಾತ್ರ ನಾಲ್ಕರಲ್ಲಿ ಮೂರು ಸಾಯುತ್ತವೆ, ಒಂದೇ ಉಳಿದು ಅಂಡವನ್ನು ಕಟ್ಟುತ್ತದೆ. ಪ್ರಾಣಿಗಳಲ್ಲೂ ಹೀಗೆಯೇ. ಟಗರಿನಲ್ಲಿ ಒಂದು ಕೋಶದಿಂದ ನಾಲ್ಕು ವೀರ್ಯಾಣು. ಕುರಿಯಲ್ಲಿ ಒಂದು ಕೋಶದಿಂದ ಒಂದೇ ಅಂಡಾಣು. ಊಟವೆಲ್ಲ ಒಂದರ ಪಾಲಿಗೆ ಬಂದು ಅದು ದಪ್ಪಗಾಗುತ್ತದೆ, ಉಳಿದವು ಒಣಗಿ ಹೋಗುತ್ತವೆ.

ಇನ್ನೂ ಒಂದು ವ್ಯತ್ಯಾಸ ಇದೆ. ಟಗರು ಪ್ರಾಯಕ್ಕೆ ಬಂದ ಮೇಲೆ ದಿನವೂ ಹೊಸ ವೀರ್ಯಾಣು ಮಾಡುತ್ತಲೇ ಇರುತ್ತದೆ. ಹೆಣ್ಣಿನಲ್ಲಿ ಹಾಗಲ್ಲ. ಹಸುವಿನ ಹೆಣ್ಣುಕರು ಇನ್ನೂ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಅದರ ಮುಂದಿನ ಅಂಡಾಣುಗಳ ಅರ್ಧವಿಭಜನೆ ಶುರುವಾಗಿ ನಡುವೆ ನಿಂತಿರುತ್ತದೆ. ಹೆಣ್ಣುಮಗುವಿನಲ್ಲೂ ಹಾಗೆಯೇ. ಬೆದೆಗೆ ಬಂದಾಗ, ಹೆಂಗಸರಲ್ಲಿ ತಿಂಗಳು ತಿಂಗಳು, ನಿಂತ ಕೆಲಸ ಮತ್ತೆ ಮುಂದುವರಿಯುತ್ತದೆ.

ಹುಣಸೆಬೀಜ ಎಸೆದು ನೋಡಿ

ಜೋಡಿ ಮುರಿಯುವಾಗ ಯಾವ ತಂತು ಯಾವ ಕಡೆಗೆ ಹೋಗಬೇಕು ಎಂಬುದಕ್ಕೆ ಯಾರ ಅಪ್ಪಣೆಯೂ ಇಲ್ಲ. ಅದು ಚೀಟಿ ಎತ್ತಿದ ಹಾಗೆ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಚೌಕಾಬಾರ ಆಡುವುದಕ್ಕೆ ಹುಣಸೆಬೀಜ ಒಡೆದು ಬೇಳೆ ಮಾಡುತ್ತೀರಲ್ಲ, ಅಂಥ 10 ಬೇಳೆ ತೆಗೆದುಕೊಳ್ಳಿ. ಕರಿ ಮುಖ ಬಿದ್ದರೆ ತಾಯಿ ಕಡೆಯ ತಂತು, ಬಿಳಿ ಮುಖ ಬಿದ್ದರೆ ತಂದೆ ಕಡೆಯ ತಂತು ಎಂದು ಗೊತ್ತುಮಾಡಿ. ಬೇಳೆಗಳಿಗೆ ಒಂದರಿಂದ ಹತ್ತರವರೆಗೆ ಗುರುತು ಹಾಕಿ ಒಟ್ಟಿಗೆ ಎಸೆಯಿರಿ. ಬಿದ್ದದ್ದೇ ಒಂದು ಪರಾಗದ ಕಣ. ಮತ್ತೆ ಎಸೆಯಿರಿ, ಇನ್ನೊಂದು ಕಣ. ಮಕ್ಕಳು ಮಧ್ಯಾಹ್ನವಿಡೀ ಎಸೆದರೂ ಅದೇ ಸಾಲು ಮತ್ತೆ ಬೀಳುವುದು ಅಪರೂಪ. ಯಾಕೆಂದರೆ 10 ಜೋಡಿಗೆ 1,024 ಬಗೆ ಬೀಳಬಹುದು. ದನದ 30 ಜೋಡಿಗೆ ಸುಮಾರು 107 ಕೋಟಿ ಬಗೆ. ಮನುಷ್ಯನ 23 ಜೋಡಿಗೆ 83 ಲಕ್ಷಕ್ಕೂ ಮೇಲೆ. ಇದರ ಮೇಲೆ ಹಗ್ಗದ ತುಂಡಿನ ಅದಲು ಬದಲು ಬೇರೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಮ್ಮಂದಿರು ಒಂದೇ ರೀತಿ ಇರದಿರುವುದು ಇದರಿಂದಲೇ.

ಪಾಲು ತಪ್ಪಿದರೆ

ಜೋಡಿ ಹೂಡುವುದೇ ಆಗದಿದ್ದರೆ? ಕುದುರೆಗೆ 64 ತಂತು, ಕತ್ತೆಗೆ 62. ಎರಡಕ್ಕೂ ಹುಟ್ಟಿದ ಹೇಸರಗತ್ತೆಗೆ 32 ಮತ್ತು 31 ಸೇರಿ 63. ಮೈ ಗಟ್ಟಿಮುಟ್ಟು, ಹೊರೆ ಹೊರುವುದಕ್ಕೆ ಎತ್ತಿದ ಕೈ. ಆದರೆ ಅರ್ಧವಿಭಜನೆಗೆ ಹೊರಟಾಗ ತಂತುಗಳಿಗೆ ಸರಿಯಾದ ಜೋಡಿ ಸಿಗುವುದಿಲ್ಲ. ಅದಕ್ಕೇ ಹೇಸರಗತ್ತೆ ಸಾಮಾನ್ಯವಾಗಿ ಬಂಜೆ. ನಿಮ್ಮ ತೋಟದ ಪಚ್ಚಬಾಳೆಯಲ್ಲಿ 11ರ ಕಟ್ಟು ಎರಡಿಲ್ಲ, ಮೂರಿದೆ, ಒಟ್ಟು 33. ಮೂರು ಎತ್ತಿಗೆ ಒಂದು ನೊಗ ಸರಿ ಹೋದೀತೇ? ಅದಕ್ಕೇ ಆ ಹಣ್ಣಿನಲ್ಲಿ ಬೀಜವಿಲ್ಲ, ನಾವು ಕಂದು ನೆಡುತ್ತೇವೆ. ಕಂದಿನಲ್ಲಿ ಪಾಲು ಹಂಚಿಕೆಯೇ ನಡೆದಿರುವುದಿಲ್ಲವಾದ್ದರಿಂದ ಮಗಳು ಗಿಡ ತಾಯಿಯ ಪಡಿಯಚ್ಚು.

ಮನುಷ್ಯರಲ್ಲೂ ಕೆಲವು ಸಲ ಒಂದು ಜೋಡಿ ಮುರಿಯದೆ ಎರಡೂ ತಂತು ಒಂದೇ ಅಂಡಾಣುವಿಗೆ ಹೋಗಿಬಿಡುತ್ತವೆ. 21ನೆಯ ತಂತು ಹೀಗೆ ಒಂದು ಹೆಚ್ಚಾಗಿ 47 ಆದರೆ ಮಗುವಿಗೆ ಡೌನ್ ಸಿಂಡ್ರೋಮ್ ಬರುತ್ತದೆ. ವರ್ಷಗಟ್ಟಲೆ ನಿಂತಿದ್ದ ವಿಭಜನೆ ಮುಂದುವರಿಯುವಾಗ ಆಗುವ ತಪ್ಪು ಇದು. ಆದ್ದರಿಂದ ತಾಯಿಯ ವಯಸ್ಸು 35 ದಾಟಿದ ಹಾಗೆಲ್ಲ ಇದರ ಸಂಭವ ಹೆಚ್ಚು. ಗ್ರಹಣ ನೋಡಿದ್ದರಿಂದ ಆದದ್ದಲ್ಲ, ಯಾರ ಪಾಪದ ಫಲವೂ ಅಲ್ಲ. ಅಂಥ ಮಗುವಿಗೆ ಬೇಕಾದದ್ದು ಆರೈಕೆ ಮತ್ತು ಪಾಠ, ಬೈಗುಳವಲ್ಲ.

ಮೆಕ್ಕೆಜೋಳದ ಬೀಜ ಯಾಕೆ ಕೆಡುತ್ತದೆ

ಈಗ ಕಣದ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಮೆಕ್ಕೆಜೋಳದ ಹೈಬ್ರಿಡ್ ತಳಿಗಳು ಮೊದಲು ರೈತರ ಕೈಗೆ ಬಂದದ್ದು 1961ರಲ್ಲಿ: ಗಂಗಾ-1, ಗಂಗಾ-101, ರಂಜಿತ್, ಡೆಕ್ಕನ್. ಆಮೇಲೆ ಎಷ್ಟೋ ಬಂದಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೇಮ, ನಿತ್ಯಶ್ರೀ ಇವೆ, ಕಂಪನಿಗಳವಂತೂ ಲೆಕ್ಕವಿಲ್ಲ.

ಈಗ ಹೆಚ್ಚಾಗಿ ಮಾರುವ ಹೈಬ್ರಿಡ್ ಬೀಜ ಮಾಡುವ ಬಗೆ ಹೀಗೆ. ಮೊದಲು ಒಂದು ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಕೊಟ್ಟು ಬೀಜ ಮಾಡುತ್ತಾರೆ. ಹೀಗೆಯೇ ಆರೇಳು ತಲೆಮಾರು ಮಾಡುತ್ತಾರೆ. ಆಗ ಆ ಸಾಲಿನ ಗಿಡದಲ್ಲಿ ಪ್ರತಿ ಜೋಡಿಯ ಎರಡು ತಂತುಗಳೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಗಿಡ ಬಡಕಲಾಗುತ್ತದೆ, ತೆನೆ ಸಣ್ಣದಾಗುತ್ತದೆ. ಆದರೆ ಒಂದು ಗುಣ ಬರುತ್ತದೆ. ಜೋಡಿಯಲ್ಲಿ ಎರಡೂ ಒಂದೇ ಆದಮೇಲೆ ಯಾವುದು ಯಾವ ಕಡೆಗೆ ಹೋದರೇನು? ಬೇಳೆಯ ಎರಡೂ ಮುಖ ಕರಿಯಾಗಿದ್ದರೆ ಎಷ್ಟು ಸಲ ಎಸೆದರೂ ಕರಿಯೇ ಬೀಳುತ್ತದೆ. ಆ ಸಾಲಿನ ಪರಾಗದ ಕಣಗಳೆಲ್ಲ ಒಂದೇ.

ಇಂಥ ಎರಡು ಬೇರೆ ಬೇರೆ ಸಾಲುಗಳನ್ನು ಅಕ್ಕಪಕ್ಕ ಬಿತ್ತುತ್ತಾರೆ. ಹೆಣ್ಣುಸಾಲಿನ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಕಿತ್ತು ಹಾಕುತ್ತಾರೆ. ಗಂಡುಸಾಲಿನ ಪರಾಗ ಗಾಳಿಯಲ್ಲಿ ಬಂದು ಹೆಣ್ಣುಸಾಲಿನ ತೆನೆಯ ಕೂದಲಿನ ಮೇಲೆ ಬೀಳುತ್ತದೆ. ಒಂದು ಕೂದಲಿಗೆ ಒಂದು ಕಾಳು. ಹುಟ್ಟಿದ ಪ್ರತಿ ಕಾಳಿನಲ್ಲೂ ಒಂದೇ ತಾಯಿ ಪಾಲು, ಒಂದೇ ತಂದೆ ಪಾಲು. ಅದಕ್ಕೇ ಚೀಲದ ಬೀಜ ಬಿತ್ತಿದ ಹೊಲದಲ್ಲಿ ಗಿಡಗಳೆಲ್ಲ ಅಳೆದಿಟ್ಟ ಹಾಗೆ ಒಂದೇ ಎತ್ತರ. ಪ್ರತಿ ಜೋಡಿಯಲ್ಲೂ ಬೇರೆ ಬೇರೆ ಕಡೆಯ ಎರಡು ತಂತು ಇರುವುದರಿಂದ, ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಒಂದು ಎತ್ತು ಸೋತರೂ ಜೊತೆಯ ಎತ್ತು ನೊಗ ಎಳೆದ ಹಾಗೆ. ಆ ಕಸುವೇ ನಿಮ್ಮ ಗೇಣುದ್ದದ ತೆನೆ.

ಆದರೆ ನಿಮ್ಮ ಹೊಲದಲ್ಲಿ ಆ ಗಿಡ ಸೂಲಂಗಿ ಬಿಟ್ಟಾಗ ಏನಾಯಿತು? ಅಲ್ಲಿಯೂ ಅರ್ಧವಿಭಜನೆ ನಡೆಯಿತು. ಈ ಸಲ ಬೇಳೆಗೆ ಒಂದು ಮುಖ ಕರಿ, ಒಂದು ಮುಖ ಬಿಳಿ. ಪರಾಗದ ಒಂದೊಂದು ಕಣವೂ ಒಂದೊಂದು ಬಗೆ, ಒಂದೊಂದು ಅಂಡವೂ ಒಂದೊಂದು ಬಗೆ. ಒಂದು ಜೋಡಿಯನ್ನಷ್ಟೇ ತೆಗೆದುಕೊಳ್ಳಿ. ಅಂಡದ ಬೇಳೆ, ಪರಾಗದ ಬೇಳೆ ಎರಡನ್ನೂ ಎಸೆದರೆ ಬೀಳುವ ಬಗೆ ನಾಲ್ಕು: ಕರಿ ಕರಿ, ಕರಿ ಬಿಳಿ, ಬಿಳಿ ಕರಿ, ಬಿಳಿ ಬಿಳಿ. ನಾಲ್ಕರಲ್ಲಿ ಎರಡು ಕಡೆ ಜೋಡಿ ಮತ್ತೆ ಒಂದೇ ಬಗೆಯದಾಯಿತು. ಅಂದರೆ ಹೈಬ್ರಿಡ್‌ಗೆ ಕಸುವು ಕೊಟ್ಟಿದ್ದ ಬೇರೆ ಬೇರೆ ಜೋಡಿಗಳಲ್ಲಿ ಸರಾಸರಿ ಅರ್ಧದಷ್ಟು ಒಂದೇ ವರ್ಷದಲ್ಲಿ ಹೋದವು. ನೀವು ಇಟ್ಟ ಬೀಜ ಮೊಳೆಯುತ್ತದೆ, ಬೆಳೆಯುತ್ತದೆ. ಆದರೆ ಒಂದು ಗಿಡ ಆಳುದ್ದ, ಪಕ್ಕದ್ದು ಸೊಂಟದುದ್ದ. ಒಂದು ಬೇಗ ಸೂಲಂಗಿ ಬಿಡುತ್ತದೆ, ಒಂದು ತಡ. ಕೆಲವು ತೆನೆ ಚೆನ್ನ, ಹಲವು ಜೊಳ್ಳು. ಕಣದಲ್ಲಿ ಎಷ್ಟೇ ಒಳ್ಳೆಯ ತೆನೆ ಆರಿಸಿದರೂ ಇದು ತಪ್ಪುವುದಿಲ್ಲ, ಯಾಕೆಂದರೆ ಕಣ್ಣಿಗೆ ಕಾಣುವ ತೆನೆ ಹೈಬ್ರಿಡ್ ತಾಯಿಯದು, ಒಳಗಿನ ಕಾಳು ಮಾತ್ರ ಮುಂದಿನ ತಲೆಮಾರು.

ಉಳುಮೆ, ಗೊಬ್ಬರ, ಕಳೆ, ಕೂಲಿ ಎಲ್ಲ ಖರ್ಚೂ ಅಷ್ಟೇ ಇರುತ್ತದೆ. ಬೀಜದಲ್ಲಿ ಉಳಿಸಿದ ದುಡ್ಡು ರಾಶಿಯಲ್ಲಿ ಹೋಗುತ್ತದೆ. ಇನ್ನು ಮಳೆ ಕೈಕೊಟ್ಟ ವರ್ಷ ಇದರ ಪೆಟ್ಟು ಎರಡರಷ್ಟು.

ಯಾವ ಬೀಜ ಮನೆಯಲ್ಲಿ ಇಡಬಹುದು

ಹಾಗಾದರೆ ರಾಗಿ? ರಾಗಿಯ ಹೂವು ಬಲು ಸಣ್ಣದು, ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ಎಷ್ಟೋ ತಲೆಮಾರು ಹೀಗೆ ನಡೆದು ಜೋಡಿಯ ಎರಡೂ ಕಡೆ ಒಂದೇ ಆಗಿದೆ. ಪಾಲು ಹಂಚಿಕೆ ಅಲ್ಲಿಯೂ ನಡೆಯುತ್ತದೆ, ಆದರೆ ಹಂಚಿದರೂ ಅದೇ, ಹಂಚದಿದ್ದರೂ ಅದೇ. ಡಾಕ್ಟರ್ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವರೂ ಸಂಕರ ಮಾಡಿದೊಡನೆ ಬೀಜ ಹಂಚಲಿಲ್ಲ. ತಲೆಮಾರು ತಲೆಮಾರು ಆರಿಸಿ, ಗಿಡಗಳೆಲ್ಲ ಒಂದೇ ಸಮ ಬರುವವರೆಗೆ ಕಾದು ಆಮೇಲೆ ಕೊಟ್ಟರು. ಆದ್ದರಿಂದ ಜಿಪಿಯು-28ರಂಥ ರಾಗಿಯಾಗಲಿ, ಟಿಎಂವಿ-2ರಂಥ ಶೇಂಗಾ ಆಗಲಿ, ಬೆರಕೆ ಗಿಡ ಕಿತ್ತು, ಚೆನ್ನಾಗಿ ಒಣಗಿಸಿ ಮನೆಯ ಬೀಜ ಇಟ್ಟುಕೊಳ್ಳಬಹುದು. ಬೆರಕೆ ಕಂಡಾಗ ಹೊಸ ಬೀಜ ತಂದರೆ ಸಾಕು.

ಮೆಕ್ಕೆಜೋಳದಲ್ಲೂ ಮನೆಯ ಬೀಜವೇ ಬೇಕೆನ್ನುವವರಿಗೆ ಕಾಂಪೋಸಿಟ್ ತಳಿಗಳಿವೆ. ಅವು ಹೈಬ್ರಿಡ್‌ನಷ್ಟು ಇಳುವರಿ ಕೊಡಲಾರವು. ಆದರೆ ಎರಡು ಮೂರು ವರ್ಷ ಬೀಜ ಇಡಬಹುದು. ಅಂಥ ಬೀಜವನ್ನು ಹೊಲದ ಅಂಚಿನಿಂದ ತೆಗೆಯಬೇಡಿ, ಅಲ್ಲಿಗೆ ಪಕ್ಕದ ಹೊಲದ ಪರಾಗ ಬಂದಿರುತ್ತದೆ. ಹೊಲದ ನಡುವೆ, ಒಂದೆರಡು ಗಿಡದಿಂದಲ್ಲ, ಬಹಳ ಗಿಡಗಳಿಂದ ಒಂದೊಂದು ತೆನೆ ಆರಿಸಿ.

ಹಿರಿಯೂರು ಕಡೆ ಮಾರಿಕಣಿವೆ ನೀರಿನಲ್ಲಿ ಹತ್ತಿ ಬೆಳೆದ ಮನೆಗಳ ಹಿರಿಯರಿಗೆ ವರಲಕ್ಷ್ಮಿ ಹೆಸರು ನೆನಪಿರಬಹುದು. ಧಾರವಾಡದಲ್ಲಿ ಡಾಕ್ಟರ್ ಕಟರಕಿಯವರು 1972ರಲ್ಲಿ ಕೊಟ್ಟ ಹೈಬ್ರಿಡ್ ಅದು. ಎರಡು ಬೇರೆ ಜಾತಿಯ ಹತ್ತಿಗಳ ಕೂಡಿಕೆ. ಎರಡಕ್ಕೂ ತಂತು 52 ಇದ್ದದ್ದರಿಂದ ಹೇಸರಗತ್ತೆಯ ಹಾಗೆ ಬಂಜೆಯಾಗಲಿಲ್ಲ. ಆದರೆ ಅದರ ಬೀಜವನ್ನು ಬಿತ್ತಿದರೆ ಎಳೆಯ ಉದ್ದ, ಕಾಯಿಯ ಗಾತ್ರ ಎಲ್ಲ ಚದುರುತ್ತದೆ. ಕಾರಣ ನಿಮಗೆ ಈಗ ಗೊತ್ತು.

ಹೊಸದುರ್ಗದ ತೆಂಗಿಗೂ ಹೊಳಲ್ಕೆರೆಯ ಅಡಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಎತ್ತರದ ತೆಂಗಿನಲ್ಲಿ, ಅಡಿಕೆಯಲ್ಲಿ ಬೇರೆ ಮರದ ಪರಾಗ ಬಂದು ಕೂಡುತ್ತದೆ. ನೀವು ಒಳ್ಳೆಯ ತಾಯಿಮರ ಆರಿಸಿದರೆ ಅರ್ಧ ಪಾಲು ಮಾತ್ರ ಆರಿಸಿದ ಹಾಗೆ. ಆದ್ದರಿಂದ ಒಂಟಿ ಮರಕ್ಕಿಂತ ಒಳ್ಳೆಯ ತೋಟದ ನಡುವಿನ ಮರದ ಕಾಯಿ ಮೇಲು, ತಂದೆಯ ಪಾಲೂ ಒಳ್ಳೆಯ ಮರದ್ದೇ ಆಗಿರುವ ಸಂಭವ ಹೆಚ್ಚು. ಆಮೇಲೆ ಸಸಿಮಡಿಯಲ್ಲಿ ಇನ್ನೊಂದು ಸಲ ಆರಿಸಬೇಕು. ಬೇಗ ಮೊಳೆತ, ಬುಡ ದಪ್ಪವಾದ ಸಸಿ ಇಟ್ಟುಕೊಂಡು, ತಡವಾಗಿ ಬಂದ ಬಡಕಲು ಸಸಿಯನ್ನು ಮರುಕವಿಲ್ಲದೆ ತೆಗೆಯಿರಿ. ಒಂದೇ ಮರದ ಕಾಯಿಗಳಾದರೂ ಪಾಲು ಒಂದೇ ಅಲ್ಲ.

ಟಗರನ್ನು ಬದಲಿಸಿ

ಕುರಿ ಸಾಕುವ ಬಾಂಧವರಿಗೆ ಒಂದು ಮಾತು. ಮಂದೆಯಲ್ಲಿ ಹುಟ್ಟಿದ ಹೆಣ್ಣುಮರಿಯಲ್ಲಿ ಅರ್ಧ ಪಾಲು ಟಗರಿನದು. ಅದೇ ಟಗರು ಮುಂದೆ ಆ ಮಗಳನ್ನೇ ಹತ್ತಿದರೆ, ಹುಟ್ಟುವ ಮರಿಯ ಪ್ರತಿ ಜೋಡಿಯಲ್ಲೂ ನಾಲ್ಕಕ್ಕೆ ಒಂದರ ಸಂಭವದಲ್ಲಿ ಎರಡು ಕಡೆಯೂ ಟಗರಿನ ಒಂದೇ ತುಂಡು ಬಂದು ಕೂರುತ್ತದೆ. ಅದರಲ್ಲಿ ದೋಷವಿದ್ದರೆ ಮುಚ್ಚುವುದಕ್ಕೆ ಜೊತೆಯ ಎತ್ತಿಲ್ಲ. ಮರಿ ಸೊರಗುತ್ತದೆ, ಸಾವು ಹೆಚ್ಚುತ್ತದೆ. ಆದ್ದರಿಂದ ಹೆಣ್ಣುಮರಿಗಳು ಬೆದೆಗೆ ಬರುವ ಹೊತ್ತಿಗೆ, ಎರಡು ವರ್ಷಕ್ಕೊಮ್ಮೆ ಎಂದುಕೊಳ್ಳಿ, ದೂರದ ಮಂದೆಯ ಟಗರಿಗೆ ಬದಲಿಸಿ. ಹೋತಕ್ಕೂ ಇದೇ ನಿಯಮ. ಮನುಷ್ಯರಲ್ಲಿ ಸೋದರಮಾವನಿಗೆ ಹೆಣ್ಣು ಕೊಟ್ಟಾಗ ಈ ಸಂಭವ ಎಂಟಕ್ಕೆ ಒಂದು, ಅತ್ತೆಯ ಮಗ ಮಾವನ ಮಗಳ ಮದುವೆಯಲ್ಲಿ ಹದಿನಾರಕ್ಕೆ ಒಂದು. ಸಂಬಂಧ ಕೂಡಿಸುವ ಹಿರಿಯರು ಈ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಗಂಡೋ ಹೆಣ್ಣೋ, ಯಾರ ಕೈಯಲ್ಲಿದೆ

ತಾಯಂದಿರೇ, ಕೊನೆಯ ಮಾತು ನಿಮ್ಮದು. ಅದನ್ನು ಮನೆಯ ಗಂಡಸರು, ಅತ್ತೆಯವರು ಕೂಡ ಕೇಳಲಿ.

ಮನುಷ್ಯನ 23 ಜೋಡಿಗಳಲ್ಲಿ ಒಂದು ಜೋಡಿ ಗಂಡು ಹೆಣ್ಣು ತೀರ್ಮಾನ ಮಾಡುತ್ತದೆ. ಹೆಣ್ಣಿನಲ್ಲಿ ಆ ಜೋಡಿಯ ಎರಡೂ ಒಂದೇ ಬಗೆ, ಅದಕ್ಕೆ ಎಕ್ಸ್ ಎಂದು ಹೆಸರು. ಗಂಡಿನಲ್ಲಿ ಒಂದು ಎಕ್ಸ್, ಇನ್ನೊಂದು ಅದಕ್ಕಿಂತ ಗಿಡ್ಡದು, ವೈ. ಈ ದೊಡ್ಡ ಚಿಕ್ಕ ತಂತುಗಳಿಗೂ ಗಂಡು ಹೆಣ್ಣಿಗೂ ಇರುವ ನಂಟನ್ನು 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಹೆಣ್ಣುಮಗಳು ಹಿಟ್ಟಿನಲ್ಲಿ ಬೀಳುವ ಒಂದು ಹುಳದಲ್ಲಿ ಗುರುತಿಸಿದರು. ತಾಯಿಯ ಅಂಡಾಣು ಹುಟ್ಟುವಾಗ ಜೋಡಿ ಹೇಗೆ ಮುರಿದರೂ ಅಂಡಾಣುವಿಗೆ ಬರುವುದು ಎಕ್ಸ್ ಒಂದೇ. ತಂದೆಯ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಎಕ್ಸ್ ಇರುವುದು ಮೊದಲು ಮುಟ್ಟಿದರೆ ಹೆಣ್ಣುಮಗು, ವೈ ಇರುವುದು ಮುಟ್ಟಿದರೆ ಗಂಡುಮಗು. ದನದಲ್ಲೂ ಕುರಿಯಲ್ಲೂ ಹೀಗೆಯೇ. ಕೋಳಿಯಲ್ಲಿ ಮಾತ್ರ ತಿರುವುಮುರುವು, ಅಲ್ಲಿ ತೀರ್ಮಾನ ಹೇಟೆಯದು.

"ಬರೀ ಹೆಣ್ಣನ್ನೇ ಹೆತ್ತಳು" ಎಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆ. ಅದೇ ನೆಪದಲ್ಲಿ ಅವಳನ್ನು ತವರಿಗೆ ಕಳಿಸಿದ, ಇನ್ನೊಂದು ಮದುವೆಯ ಮಾತೆತ್ತಿದ ಮನೆಗಳೂ ಇವೆ. ಅವಳ ಕಡೆಯಿಂದ ವೈ ಬರುವುದು ಸಾಧ್ಯವೇ ಇಲ್ಲದಿರುವಾಗ ಅವಳ ತಪ್ಪೇನು? ಹಾಗೆಂದು ಗಂಡನ ತಪ್ಪೂ ಅಲ್ಲ. ಅವನ ಮೈಯೊಳಗೆ ಬೇಳೆ ಎಸೆದವರು ಯಾರೂ ಇಲ್ಲ. ಒಂದು ಬೇಳೆ ಎಸೆಯಿರಿ, ನಾಲ್ಕು ಸಲ ಸಾಲಾಗಿ ಕರಿ ಬೀಳಬಹುದು. ನಾಲ್ಕು ಮಕ್ಕಳಿರುವ 16 ಮನೆ ಎಣಿಸಿದರೆ ಸುಮಾರು ಒಂದು ಮನೆಯಲ್ಲಿ ನಾಲ್ಕೂ ಹೆಣ್ಣೇ ಇರುತ್ತವೆ. ಐದನೆಯ ಸಲಕ್ಕೂ ಸಂಭವ ಅರ್ಧಕ್ಕೆ ಅರ್ಧವೇ. ಬೇಳೆಗೆ ಹಿಂದಿನ ಆಟ ನೆನಪಿರುವುದಿಲ್ಲ. ಔಷಧಿ, ಬೇರು, ತಾಯಿತ ಯಾವುದೂ ಅದನ್ನು ಬದಲಿಸಲಾರದು. ಅಂಥದ್ದನ್ನು ಮಾರುವವನ ಮಾತು ಕೂಡ ಎರಡಕ್ಕೆ ಒಂದು ಸಲ ತಾನಾಗಿಯೇ ನಿಜವಾಗುತ್ತದೆ, ಅದೇ ಅವನ ಬಂಡವಾಳ.

ಈಗ ಹಸುಗಳಿಗೆ ಹೆಣ್ಣುಕರುವಿನ ವೀರ್ಯಾಣುಗಳನ್ನೇ ವಿಂಗಡಿಸಿದ ವೀರ್ಯದ ಕಡ್ಡಿ ಪಶು ಆಸ್ಪತ್ರೆಯ ಮೂಲಕ ಸಿಗುತ್ತದೆ. ಎಕ್ಸ್ ಇರುವ ವೀರ್ಯಾಣು ಸ್ವಲ್ಪ ಹೆಚ್ಚು ತೂಕದ ತಂತು ಹೊತ್ತಿರುವುದರಿಂದ ಯಂತ್ರ ಅದನ್ನು ಗುರುತಿಸುತ್ತದೆ. ಅದರಿಂದ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣುಕರು ಹುಟ್ಟುತ್ತವೆ. ಹಾಲಿನ ಮನೆಗೆ ಇದು ಲಾಭ. ಆದರೆ ಮನುಷ್ಯರಲ್ಲಿ ಹೀಗೆ ಆರಿಸುವುದೂ, ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸುವುದೂ 1994ರ ಕಾನೂನಿನಂತೆ ಅಪರಾಧ. ಕೊಟ್ಟಿಗೆಯ ಲೆಕ್ಕ ತೊಟ್ಟಿಲಿಗೆ ಬರಬಾರದು.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು. ಹೈಬ್ರಿಡ್ ಬೀಜವನ್ನು ವರ್ಷ ವರ್ಷ ಹೊಸದಾಗಿ ಕೊಳ್ಳಿ, ಅಂಗಡಿಯ ರಸೀದಿ ಮತ್ತು ಚೀಲದ ಚೀಟಿ ಬೆಳೆ ಮುಗಿಯುವವರೆಗೆ ಜೋಪಾನವಾಗಿ ಇಡಿ. ರಾಗಿ, ಶೇಂಗಾ ಬೀಜ ಆರಿಸಿ ಮನೆಯಲ್ಲೇ ಇಡಿ. ತೆಂಗು ಅಡಿಕೆಯಲ್ಲಿ ತಾಯಿಯನ್ನೂ ಆರಿಸಿ, ಸಸಿಯನ್ನೂ ಆರಿಸಿ. ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ. ಬೀಜದ ತಳಿಯ ಬಗ್ಗೆ ಅನುಮಾನವಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ವಿಚಾರಿಸಿ. ಮಗು ಹೆಣ್ಣಾದರೆ ಯಾರನ್ನೂ ದೂರಬೇಡಿ, ಮಗುವಿಗೆ ಹೆಸರಿಡಿ.